ವೇಬ್ರಿಡ್ಜ್ ಕಂಪ್ಯೂಟರ್‌ಗೆ ಪಿಪ್‌ನಿಂದ ಹಾಕಿದ ಪ್ಯಾಕೇಜ್ ಮೇಲೆ ಅನುಮಾನ. ಅನ್‌ಇನ್‌ಸ್ಟಾಲ್ ಮಾಡಿದ್ರೆ ಸಾಕಾ?

ಗಂಗಾವತಿ_ಕಾಟಾ:
ನಮಸ್ಕಾರ ಎಲ್ಲರಿಗೂ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಲಾರಿ ವೇಬ್ರಿಡ್ಜ್ ಮೇಲೆ ನಿಂತರೆ ಸೀರಿಯಲ್ ಕೇಬಲ್‌ನಿಂದ ತೂಕ ಓದುತ್ತೆ, ಚೀಟಿ ಪ್ರಿಂಟ್ ಮಾಡುತ್ತೆ, ಟೆಲಿಗ್ರಾಂ ಬಾಟ್‌ನಿಂದ ಸಾವ್ಕಾರರಿಗೆ ಮೆಸೇಜ್ ಹಾಕುತ್ತೆ.

ಈಚೆಗೆ ಆ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿದರು. ಪ್ರೋಗ್ರಾಂ 'ಸೀರಿಯಲ್ ಅನ್ನೋ ಮಾಡ್ಯೂಲ್ ಇಲ್ಲ' ಅಂತ ನಿಂತುಬಿಟ್ಟಿತು. ನಾನು ಊರಲ್ಲಿರಲಿಲ್ಲ. ಆಫೀಸಿನ ಹುಡುಗ, ಪೈಥಾನ್‌ಗೆ ಬೇಕಾದ ರೆಡಿಮೇಡ್ ಕೋಡ್ (ಪ್ಯಾಕೇಜ್) ಇಳಿಸಿ ಹಾಕೋ ಪಿಪ್‌ನಲ್ಲಿ, 'ಪಿಪ್ ಇನ್‌ಸ್ಟಾಲ್ ಸೀರಿಯಲ್' ಕೊಟ್ಟಿದ್ದಾನೆ. ಎರರ್ ಬದಲಾಯ್ತು, ಪ್ರೋಗ್ರಾಂ ಮಾತ್ರ ನಡೀಲಿಲ್ಲ. ಆಮೇಲೆ ಎಐ ಚಾಟ್‌ನಲ್ಲಿ ಕೇಳಿ, ಅದು ಹೇಳಿದ ಇನ್ನೊಂದು ಹೆಸರು ಹಾಕಿದ್ದಾನೆ. ಆಗ ತೂಕನೂ ಬಂತು, ಚೀಟಿನೂ ಬಂತು.

ಈಗ ನಮ್ಮ ಬಾಟ್‌ನಿಂದಲೇ ಸಾವ್ಕಾರರಿಗೆ ಕ್ರಿಪ್ಟೋ ಲಿಂಕ್ ಬರ್ತಿದೆ! ಕಂಪ್ಯೂಟರ್ ಆನ್ ಆದ ಕೂಡಲೇ ಕಪ್ಪು ವಿಂಡೋ ಒಂದು ಮಿಂಚಿ ಮಾಯ ಆಗುತ್ತೆ. ಪ್ಯಾಕೇಜ್ ಅನ್‌ಇನ್‌ಸ್ಟಾಲ್ ಮಾಡಿಸಿದೆ, ಆದರೂ ವಿಂಡೋ ನಿಂತಿಲ್ಲ. ಸೀಸನ್ ಬೇರೆ, ಗೇಟ್ ಹೊರಗೆ ಭತ್ತದ ಲೋಡ್ ಸಾಲುಗಟ್ಟಿವೆ. ಫಾರ್ಮ್ಯಾಟ್ ಮಾಡದೆ ಏನಾದ್ರೂ ದಾರಿ ಇದೆಯಾ?

ಬಳ್ಳಾರಿ_ಬಿಸಿಲು:
ಅಣ್ಣಾ, ಮೊದಲು ನೆಟ್ ಕೇಬಲ್ ಕಿತ್ತುಹಾಕಿಸಿ. ಉಳಿದದ್ದು ಆಮೇಲೆ ಓದಿ.

ಅನ್‌ಇನ್‌ಸ್ಟಾಲ್ ಸಾಕಾಗಲ್ಲ. ಪಿಪ್ ತಾನು ಇಟ್ಟ ಫೈಲ್‌ಗಳ ಪಟ್ಟಿ ನೋಡಿ ಅಷ್ಟನ್ನೇ ತೆಗೆಯುತ್ತೆ. ಆ ಪ್ಯಾಕೇಜ್ ಓಡಿದಾಗ ಸ್ಟಾರ್ಟಪ್ ಫೋಲ್ಡರ್‌ಗೋ ಟಾಸ್ಕ್ ಶೆಡ್ಯೂಲರ್‌ಗೋ ಏನಾದ್ರೂ ಸೇರಿಸಿದ್ದರೆ ಅದು ಪಿಪ್‌ಗೆ ಗೊತ್ತೇ ಇರಲ್ಲ. ನಿಮ್ಮ ಕಪ್ಪು ವಿಂಡೋ ಅದೇ ಇರಬೇಕು.

ಬಾಟ್ ಟೋಕನ್, ಅಂದ್ರೆ ಬಾಟ್ ನಡೆಸೋ ಗುಟ್ಟಿನ ಕೀ, ಆಗಲೇ ಕಳ್ಳರ ಕೈಗೆ ಹೋಗಿದೆ ಅಂತ ಇಟ್ಕೊಳ್ಳಿ. ಫೋನ್‌ನಿಂದ ಬಾಟ್‌ಫಾದರ್‌ಗೆ (ಬಾಟ್‌ಗಳನ್ನ ನಿಭಾಯಿಸೋ ಟೆಲಿಗ್ರಾಂನದೇ ಖಾತೆ) ಹೋಗಿ ಹಳೇ ಟೋಕನ್ ರದ್ದು ಮಾಡಿ, ಆ ಕ್ಷಣವೇ ಲಿಂಕ್ ಬರೋದು ನಿಲ್ಲುತ್ತೆ. ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್ ಎಲ್ಲ ಬದಲಾಯಿಸಿ. ಆ ಕಂಪ್ಯೂಟರ್‌ನಲ್ಲಿ ಕೂತು ಬದಲಾಯಿಸಬೇಡಿ ಮತ್ತೆ! ಬರೀ ಪಾಸ್‌ವರ್ಡ್ ಬದಲಾಯಿಸಿದರೂ ಸಾಲದು, 'ಎಲ್ಲಾ ಡಿವೈಸ್‌ಗಳಿಂದ ಲಾಗೌಟ್' ಕೂಡ ಒತ್ತಿ. ಕುಕಿ (ಲಾಗಿನ್ ಆಗಿರೋದನ್ನ ಬ್ರೌಸರ್ ನೆನಪಿಟ್ಕೊಳ್ಳೋ ಫೈಲ್) ಕದ್ದವನಿಗೆ ಪಾಸ್‌ವರ್ಡೇ ಬೇಡ.

ಮಿಲ್‌ನ ನೆಟ್ ಬ್ಯಾಂಕಿಂಗ್ ಅದರಲ್ಲೇ ಮಾಡ್ತಿದ್ರಾ?

ಗಂಗಾವತಿ_ಕಾಟಾ:
ಹೌದು, ಅಕೌಂಟೆಂಟ್ ಅದರಲ್ಲೇ ಮಾಡೋದು. ಸದ್ಯ ದುಡ್ಡು ಏನೂ ಹೋಗಿಲ್ಲ. ಆದ್ರೆ ಆಂಟಿವೈರಸ್ ಒಂದು ಮಾತೂ ಹೇಳಲಿಲ್ಲವಲ್ಲ?

ಬಳ್ಳಾರಿ_ಬಿಸಿಲು:
ಹಾಗಾದ್ರೆ ಈಗಲೇ ಬ್ಯಾಂಕ್‌ಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ಒಂದು ರೂಪಾಯಿ ಹೋಗಿದ್ದರೂ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಂಟಿವೈರಸ್ ನಂಬಿ ಕೂರೋಕೆ ಆಗಲ್ಲ. ನೀವೇ ಕೊಟ್ಟ ಕಮಾಂಡ್, ಪೈಥಾನ್ ಓಡಿಸಿದ ಕೋಡ್. ಅದರ ಕಣ್ಣಿಗೆ ಮಾಮೂಲಿ ಕೆಲಸ.

ಸಿಂಧನೂರು_ಸಿಸ್ಟಮ್:
ನೀವು ಖಾಸಗಿಯಾಗಿ ಕಳಿಸಿದ ಪ್ಯಾಕೇಜ್ ಹೆಸರು ನೋಡಿದೆ. ಅದನ್ನ ಇಲ್ಲಿ ಬರೆಯಲ್ಲ, ಯಾರಾದ್ರೂ ಕಾಪಿ ಮಾಡಿ ಹಾಕಿಬಿಟ್ಟಾರು. ಪೈಥಾನ್ ಪ್ಯಾಕೇಜ್‌ಗಳು ಸಿಗೋ ಪೈಪಿಐ ಸೈಟ್‌ನ ಪುಟದಿಂದ ಫೈಲ್ ಅನ್ನು ಬ್ರೌಸರ್‌ನಲ್ಲೇ ಇಳಿಸಿ, ಸೆವೆನ್‌ಜಿಪ್‌ನಲ್ಲಿ ಬಿಚ್ಚಿದೆ. 'ಪಿಪ್ ಡೌನ್‌ಲೋಡ್' ಬಳಸಬೇಡಿ. ಸೋರ್ಸ್ ಪ್ಯಾಕೇಜ್ (ನಮ್ಮ ಕಂಪ್ಯೂಟರ್‌ನಲ್ಲೇ ಕಟ್ಟಬೇಕಾದ್ದು) ಆದ್ರೆ ಬರೀ ಡೌನ್‌ಲೋಡ್‌ಗೂ ಒಳಗಿನ ಸೆಟಪ್ ಫೈಲ್ ಓಡಿಬಿಡಬಹುದು.

ಒಳಗೆ ಸೀರಿಯಲ್ ಕೇಬಲ್ ಓದೋ ಅಸಲಿ ಪ್ಯಾಕೇಜ್ ಪೈಸೀರಿಯಲ್‌ನ ಕೋಡ್ ಪೂರ್ತಿ ಹಾಗೇ ಇದೆ. ಅದಕ್ಕೇ ತೂಕ ಸರಿಯಾಗಿ ಬಂದದ್ದು, ಯಾರಿಗೂ ಅನುಮಾನ ಬರದೇ ಇದ್ದದ್ದು. ಆಟ ಇರೋದು ಸೆಟಪ್ ಫೈಲ್‌ನಲ್ಲಿ. ನೋಟ್‌ಪ್ಯಾಡ್‌ನಲ್ಲಿ ನೋಡಿದರೆ ಮೇಲಿಂದ ಕೆಳಗೆ ಎಲ್ಲ ಸರಿ. ಆದರೆ ಕೆಳಗಿನ ಅಡ್ಡ ಸ್ಕ್ರೋಲ್‌ಬಾರ್ ನೋಡಿದರೆ ಚೂರೇ ಚೂರು. ಅಷ್ಟು ಸಣ್ಣದಾಗಿದೆ ಅಂದ್ರೆ ಯಾವುದೋ ಒಂದು ಸಾಲು ತುಂಬಾ ಉದ್ದ ಇದೆ ಅಂತ ಅರ್ಥ. ಬಲಕ್ಕೆ ಎಳೀತಾ ಹೋದೆ, ಬರೀ ಖಾಲಿ ಜಾಗ. ಅದರಾಚೆ ಒಂದು ಎಕ್ಸೆಕ್ (ಕೊಟ್ಟ ಪಠ್ಯವನ್ನೇ ಕೋಡ್ ಆಗಿ ಓಡಿಸೋ ಆಜ್ಞೆ), ಅದರೊಳಗೆ ಬೇಸ್64ನಲ್ಲಿ, ಅಂದ್ರೆ ಓದಿದರೆ ಅರ್ಥ ಆಗದ ಅಕ್ಷರಗಳಲ್ಲಿ, ಸುತ್ತಿಟ್ಟ ಕೋಡ್. ಇನ್‌ಸ್ಟಾಲ್ ಮಾಡುವಾಗಲೇ ಅದು ಓಡಿ ಮುಗಿದಿರುತ್ತೆ, ಪ್ರೋಗ್ರಾಂನಲ್ಲಿ ಅದನ್ನ ಇಂಪೋರ್ಟ್ ಮಾಡೋದೂ (ಕರೆದು ಬಳಸೋದೂ) ಬೇಕಿಲ್ಲ.

ವೀಲ್ ಫೈಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್) ಆಗಿದ್ದರೆ ಇನ್‌ಸ್ಟಾಲ್ ಹೊತ್ತಿಗೆ ಇದು ಓಡಲ್ಲ. ಹಾಗಂತ ವೀಲ್ ಅಂದ್ರೆ ಸೇಫ್ ಅಂತಲೂ ಅಲ್ಲ. ಪ್ಯಾಕೇಜ್‌ಗಳು ಕೂರೋ ಸೈಟ್‌ಪ್ಯಾಕೇಜಸ್ ಫೋಲ್ಡರ್‌ನಲ್ಲಿ ಒಂದು ಪಿಟಿಎಚ್ ಫೈಲ್ ಇಟ್ಟರೆ ಪೈಥಾನ್ ಶುರುವಾದಾಗೆಲ್ಲ ಅದು ಓಡುತ್ತೆ. ಸೆಟಪ್‌ಟೂಲ್ಸ್ ಅನ್ನೋ ಅಸಲಿ ಪ್ಯಾಕೇಜ್‌ನದೂ ಅಲ್ಲಿ ಒಂದು ಪಿಟಿಎಚ್ ಇರಬಹುದು, ಅದನ್ನ ನೋಡಿ ಗಾಬರಿ ಆಗಬೇಡಿ.

ಎಐ ಆ ಹೆಸರನ್ನ ಕಟ್ಟಿ ಹೇಳಿರಬಹುದು. ಹಾಗೆ ಅದು ಪದೇ ಪದೇ ಹೇಳೋ ಹೆಸರನ್ನ ಹುಡುಕಿ ತಮ್ಮ ಹೆಸರಲ್ಲಿ ರಿಜಿಸ್ಟರ್ ಮಾಡಿಸಿ ಕಾಯೋರೂ ಇದ್ದಾರೆ. ಪ್ಯಾಕೇಜ್ ಪುಟದಲ್ಲೇ ಮಾಲ್‌ವೇರ್ ಅಂತ ದೂರು ಕೊಡೋ ಲಿಂಕ್ ಇತ್ತು, ಕೊಟ್ಟಿದ್ದೇನೆ.

ಜೀನ್ಸ್_ಯೂನಿಟ್:
ಪಿಪ್‌ಆಡಿಟ್ (ಪ್ಯಾಕೇಜ್‌ಗಳ ದೋಷ ಹುಡುಕೋ ಟೂಲ್) ಓಡಿಸಿದ್ರೆ ಗೊತ್ತಾಗ್ತಿತ್ತು ಅಲ್ವಾ? ನಾವು ಬಳ್ಳಾರಿಯಲ್ಲಿ ಸ್ಟಾಕ್ ಸಾಫ್ಟ್‌ವೇರ್‌ಗೆ ಹಾಗೇ ಮಾಡೋದು. ಜೊತೆಗೆ ಫೇಮಸ್ ಪ್ಯಾಕೇಜ್ ಬಿಟ್ಟು ಬೇರೆ ಹಾಕಲ್ಲ.

ಸಿಂಧನೂರು_ಸಿಸ್ಟಮ್:
ಆಡಿಟ್ ಹೇಳೋದು ಆಗಲೇ ಪಟ್ಟಿಗೆ ಸೇರಿದ ದೋಷಗಳನ್ನ. ನಿನ್ನೆ ಹಾಕಿದ ಕಳ್ಳ ಪ್ಯಾಕೇಜ್ ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಆಡಿಟ್ ಮಾಡೋ ಹೊತ್ತಿಗೆ ಇನ್‌ಸ್ಟಾಲ್ ಮುಗಿದಿರುತ್ತೆ.

ಫೇಮಸ್ ಅನ್ನೋದನ್ನ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗೋ ಎನ್‌ಪಿಎಂನಲ್ಲಿ 2021ರ ಅಕ್ಟೋಬರ್‌ನಲ್ಲಿ ಯುಎ ಪಾರ್ಸರ್ ಜೆಎಸ್ ಅನ್ನೋ ಪ್ಯಾಕೇಜ್ ನಡೆಸುವವರ ಖಾತೆ ಕದ್ದು, ಮೈನರ್ (ಬೇರೆಯವರ ಕಂಪ್ಯೂಟರ್‌ನಲ್ಲಿ ಕ್ರಿಪ್ಟೋ ಗಳಿಸೋ ಕೋಡ್) ಮತ್ತು ಪಾಸ್‌ವರ್ಡ್ ಕದಿಯೋ ಕೋಡ್ ಸೇರಿಸಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ತರಹದ ಪ್ಯಾಕೇಜ್‌ಗಳಿಗೂ ಅದೇ ಗತಿ, ಒಂದು ನಕಲಿ ಇಮೇಲ್‌ನಿಂದ. ಅವು ಎಷ್ಟು ಫೇಮಸ್ ಅಂತ ಹೇಳಬೇಕಾ? ಹೊಸ ಆವೃತ್ತಿ ಬಂದ ದಿನವೇ ಹಾಕದೆ ಸ್ವಲ್ಪ ದಿನ ಕಾಯೋದು ಇದಕ್ಕೆ ಒಳ್ಳೇದು. ಇಂಥವು ಹೆಚ್ಚಾಗಿ ಬೇಗ ಸಿಕ್ಕಿಬೀಳ್ತವೆ.

ಹೆಚ್ಚಾಗಿ ಅಂದೆ, ಯಾವಾಗಲೂ ಅಲ್ಲ. ಪೈಪಿಐನಲ್ಲಿ ಜೆಲ್ಲಿಫಿಶ್ ಅನ್ನೋ ಪ್ಯಾಕೇಜ್ ಹೆಸರಿನ ಒಂದು ಎಲ್ ಜಾಗದಲ್ಲಿ ದೊಡ್ಡ ಐ ಇಟ್ಟು ಒಬ್ಬ ನಕಲಿ ಮಾಡಿದ್ದ. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗೋ ಎಸ್‌ಎಸ್‌ಎಚ್ ಕೀ ಕದೀತಿತ್ತು. ಹತ್ತಿರಹತ್ತಿರ ಒಂದು ವರ್ಷ ಅಲ್ಲೇ ಇತ್ತು, ತೆಗೆದದ್ದು 2019ರ ಡಿಸೆಂಬರ್‌ನಲ್ಲಿ.

ಗಂಗಾವತಿ_ಕಾಟಾ:
ಬ್ಯಾಂಕ್ ಕೆಲಸ, ಟೋಕನ್ ಎರಡೂ ಮುಗೀತು. ಲಿಂಕ್ ನಿಂತಿದೆ. ಈಗ ಸ್ಟಾರ್ಟಪ್ ಫೋಲ್ಡರ್‌ನಲ್ಲಿದ್ದ ಫೈಲ್ ಡಿಲೀಟ್ ಮಾಡಿ ಸೀಸನ್ ಮುಗಿಯೋವರೆಗೆ ಎಳೆಯಬಹುದಾ?

ಬಳ್ಳಾರಿ_ಬಿಸಿಲು:
ಬೇಡ ಅಣ್ಣಾ. ಸಿಕ್ಕಿದ್ದು ಒಂದು, ಸಿಗದೆ ಉಳಿದದ್ದು ಎಷ್ಟೋ. ಡೇಟಾ ಫೈಲ್ ಮಾತ್ರ ಬ್ಯಾಕಪ್ ತಗೊಂಡು ಫಾರ್ಮ್ಯಾಟ್ ಮಾಡಿ. ಅಲ್ಲಿವರೆಗೆ ವೇಬ್ರಿಡ್ಜ್‌ನ ಇಂಡಿಕೇಟರ್ ನೋಡಿ ಚೀಟಿ ಕೈಯಲ್ಲಿ ಬರೀಲಿ. ತೂಕ ತೋರಿಸೋಕೆ ಅದಕ್ಕೆ ಕಂಪ್ಯೂಟರ್ ಏನೂ ಬೇಕಿಲ್ಲವಲ್ಲ.

ಸಿಂಧನೂರು_ಸಿಸ್ಟಮ್:
ಇನ್ನು ಮೂಲ ತೊಂದರೆ. ಇಂಪೋರ್ಟ್ ಮಾಡೋ ಹೆಸರು ಬೇರೆ, ಇನ್‌ಸ್ಟಾಲ್ ಮಾಡೋ ಹೆಸರು ಬೇರೆ. 'ಸೀರಿಯಲ್' ಅಂತ ಇಂಪೋರ್ಟ್ ಮಾಡ್ತೀವಿ, ಹಾಕಬೇಕಾದ್ದು ಪೈಸೀರಿಯಲ್. 'ಸೀರಿಯಲ್' ಅನ್ನೋ ಪ್ಯಾಕೇಜೂ ಇದೆ. ಅದರಲ್ಲಿ ಮೋಸ ಇಲ್ಲ, ಆದರೆ ಅದಕ್ಕೂ ಕೇಬಲ್‌ಗೂ ಸಂಬಂಧವೇ ಇಲ್ಲ. ಹಾಗೇ 'ಸಿವಿ2'ಗೆ ಹಾಕಬೇಕಾದ್ದು ಓಪನ್‌ಸಿವಿ ಪೈಥಾನ್, 'ಪಿಐಎಲ್'ಗೆ ಪಿಲ್ಲೋ, 'ಯಾಮೆಲ್'ಗೆ ಪೈಯಾಮೆಲ್. ಎರರ್ ನೋಡಿ ಹೆಸರು ಊಹಿಸೋರು ಎಲ್ಲಿ ಎಡವುತ್ತಾರೋ ಕಳ್ಳರು ಅಲ್ಲೇ ಕೂತಿರುತ್ತಾರೆ. ನೀವು ಪ್ರೋಗ್ರಾಂ ಜೊತೆ ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಇಟ್ಟರೆ ಹುಡುಗ ಊಹೆ ಮಾಡೋ ಪ್ರಸಂಗವೇ ಬರಲ್ಲ.

ನಿಮ್ಮ ಮಿಲ್‌ಗೆ ಇನ್ನೂ ಸುಲಭ ದಾರಿ ಇದೆ. ಪೈಸೀರಿಯಲ್ 3.5 ಬಂದದ್ದು 2020ರಲ್ಲಿ. ಅದರ ವೀಲ್ ಫೈಲ್ ತುಂಬಾ ಚಿಕ್ಕದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಸಲಿ ಪುಟದಿಂದ ಇಳಿಸಿ, ಅಲ್ಲಿ ಕೊಟ್ಟಿರೋ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ, ಪೆನ್‌ಡ್ರೈವ್‌ಗೆ ಹಾಕಿ. ಬಾಟ್‌ಗೆ ಬೇಕಾದವನ್ನೂ ಹಾಗೇ ತಗೊಳ್ಳಿ. ಇನ್‌ಸ್ಟಾಲ್ ಕಮಾಂಡ್‌ಗೆ 'ನೋ ಇಂಡೆಕ್ಸ್', 'ಫೈಂಡ್ ಲಿಂಕ್ಸ್' ಎರಡೂ ಸೇರಿಸಿ ಫೋಲ್ಡರ್ ತೋರಿಸಿದರೆ ಪಿಪ್ ಆ ಫೋಲ್ಡರ್ ಬಿಟ್ಟು ಬೇರೆಲ್ಲೂ ಹುಡುಕಲ್ಲ.

ಗಂಗಾವತಿ_ಕಾಟಾ:
ಫಾರ್ಮ್ಯಾಟ್ ಆಯ್ತು, ಪೆನ್‌ಡ್ರೈವ್‌ನಿಂದ ಹಾಕಿದೆ. ಕಪ್ಪು ವಿಂಡೋ ಇಲ್ಲ. ಆದ್ರೆ ಈಗ 'ಪೋರ್ಟ್ ತೆರೆಯೋಕೆ ಆಗಲ್ಲ' ಅಂತಿದೆ. ಮತ್ತೆ ಏನಾದ್ರೂ ಸೇರ್ಕೊಂಡಿದೆಯಾ?

ಬಳ್ಳಾರಿ_ಬಿಸಿಲು:
ಅಯ್ಯೋ, ಅದಲ್ಲ ಬಿಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ಸ್ ನೋಡಿ. ಹೊಸ ವಿಂಡೋಸ್‌ನಲ್ಲಿ ಯುಎಸ್‌ಬಿ ಕನ್ವರ್ಟರ್‌ಗೆ ಬೇರೆ ಕಾಮ್ (ಪೋರ್ಟ್) ನಂಬರ್ ಸಿಕ್ಕಿರುತ್ತೆ.

ಗಂಗಾವತಿ_ಕಾಟಾ:
ಹೌದು, ಕಾಮ್ 3 ಹೋಗಿ ಕಾಮ್ 5 ಆಗಿದೆ. ಸೆಟ್ಟಿಂಗ್‌ನಲ್ಲಿ ಬದಲಾಯಿಸಿದೆ, ತೂಕ ಬಂತು. ಇಬ್ಬರಿಗೂ ಥ್ಯಾಂಕ್ಸ್ ರೀ.