ಭಾನುವಾರದ ಟೈಗರ್ಸ್–ಮೆಟ್ಸ್ ಸರಣಿ: ಮೊದಲ ಪಂದ್ಯಕ್ಕೆ ಮರೋತ್‌ನನ್ನು ಇಳಿಸಲೇ?

ಕೈಮರದವನು, ಚಿಕ್ಕಮಗಳೂರು:

ಈ ಭಾನುವಾರ ಹಾಸನದಲ್ಲಿ ನಮ್ಮ ದಾಳದ ಬೇಸ್‌ಬಾಲ್ ಲೀಗಿನ ಕೊನೆಯ ಎರಡು ತಂಡಗಳು ಎದುರಾಗುತ್ತಿವೆ. ನನ್ನದು 2003ರ ಡೆಟ್ರಾಯಿಟ್ ಟೈಗರ್ಸ್. ಎದುರಾಳಿಯದು 1962ರ ನ್ಯೂಯಾರ್ಕ್ ಮೆಟ್ಸ್. ಆರು ತಂಡಗಳ ಪಟ್ಟಿಯಲ್ಲಿ ನಾವಿಬ್ಬರೂ ತಳದಲ್ಲಿದ್ದೇವೆ. ಮೂರು ಪಂದ್ಯಗಳ ಸರಣಿ. ಮೊದಲೆರಡು ಮೆಟ್ಸ್‌ನ ಪೋಲೋ ಗ್ರೌಂಡ್ಸ್ ಅಂಗಳದಲ್ಲಿ, ಮೂರನೆಯದು ನನ್ನ ಕೊಮೆರಿಕಾ ಪಾರ್ಕಿನಲ್ಲಿ. ಅಂಗಳ ಎಂದರೆ ಅದರ ಅಂಕೆಗಳು ಎಂದು ತಿಳಿಯಿರಿ. ಆಡುವುದು ಎದುರಾಳಿಯ ಮನೆಯ ನಡುಮನೆಯಲ್ಲಿ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾವು ಆಡುವುದು ಸ್ಟ್ರಾಟ್-ಒ-ಮ್ಯಾಟಿಕ್, 1961ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಾರ್ಡು–ದಾಳದ ಆಟ. ಒಬ್ಬೊಬ್ಬ ಆಟಗಾರನಿಗೂ ಒಂದು ಕಾರ್ಡು. ಆ ವರ್ಷ ಅವನು ನಿಜವಾಗಿ ಆಡಿದ್ದೇ ಅದರಲ್ಲಿ ಸಾಲುಸಾಲಾಗಿ ಹಂಚಿಕೆಯಾಗಿರುತ್ತದೆ. ಮೂರು ದಾಳ ಎಸೆಯುತ್ತೇವೆ. ಬಿಳಿ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, ನಾಲ್ಕರಿಂದ ಆರು ಬಿದ್ದರೆ ಚೆಂಡೆಸೆಯುವ ಪಿಚರ್‌ನದು. ಉಳಿದೆರಡು ದಾಳಗಳ ಮೊತ್ತ ಯಾವ ಸಾಲು ಎಂದು ಹೇಳುತ್ತದೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡಿದವರಿಗೆ ಕವಡೆ ಬೀಳುವ ಮುಂಚಿನ ಆ ಕ್ಷಣ ಗೊತ್ತಿರುತ್ತದೆ. ಇಲ್ಲಿಯೂ ಅದೇ ಕ್ಷಣ, ಒಂಬತ್ತು ಇನ್ನಿಂಗ್ಸ್ ಉದ್ದಕ್ಕೂ.

ಲೀಗ್ ಶುರುವಾದಾಗ ಚೀಟಿ ಎತ್ತಿದೆವು. ಬಲಿಷ್ಠ ತಂಡಗಳಲ್ಲಿ 1927ರ ಯಾಂಕೀಸ್ ಒಬ್ಬರಿಗೆ ಬಂತು, 1975ರ ಸಿನ್ಸಿನಾಟಿ ರೆಡ್ಸ್ ಇನ್ನೊಬ್ಬರಿಗೆ. ನನ್ನ ಕೈಗೆ ಬಂದದ್ದು 43 ಗೆದ್ದು 119 ಸೋತ ತಂಡ. ಬದಲಿಸಿಕೊಳ್ಳುತ್ತೀಯಾ ಎಂದು ಕೇಳಿದರು, ನಾನು ಒಪ್ಪಲಿಲ್ಲ. ಇಂದಿಗೂ ಒಪ್ಪುವುದಿಲ್ಲ.

ಈಗ ಪ್ರಶ್ನೆ. ಮೊದಲ ಪಂದ್ಯಕ್ಕೆ ಎಡಗೈ ಪಿಚರ್ ಮೈಕ್ ಮರೋತ್‌ನನ್ನು ಇಳಿಸಬೇಕೆಂದು ನನ್ನ ಮನಸ್ಸು. ಬೇಸ್‌ಬಾಲಿನಲ್ಲಿ ತಂಡದ ಗೆಲುವು ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. 2003ರಲ್ಲಿ ಅವನು 9 ಗೆದ್ದು 21 ಸೋತ. 1980ರ ನಂತರ ಒಂದೇ ಋತುವಿನಲ್ಲಿ ಇಪ್ಪತ್ತು ಪಂದ್ಯ ಸೋತ ಮೊದಲ ಪಿಚರ್ ಅವನು. ಇಪ್ಪತ್ತರ ಹತ್ತಿರ ಬಂದ ಪಿಚರ್‌ನನ್ನು ಮರೆಯಲ್ಲಿ ಕೂರಿಸಿ ಆ ಲೆಕ್ಕ ತಪ್ಪಿಸುವುದು ಎಷ್ಟೋ ಕಡೆ ನಡೆಯುತ್ತದೆ. ಮರೋತ್ ತನ್ನ ಸರದಿ ಬಂದಾಗಲೆಲ್ಲ ಹೋಗಿ ಎಸೆದ, ಒಟ್ಟು 33 ಬಾರಿ. ಅಂಥವನ ಕೈಗೆ ಮೊದಲ ಚೆಂಡು ಕೊಡದಿದ್ದರೆ ತಪ್ಪಾಗುತ್ತದೆ ಎನಿಸುತ್ತದೆ.

ಇನ್ನೊಂದು ದಾರಿ ಬಲಗೈ ಪಿಚರ್ ನೇಟ್ ಕಾರ್ನೇಹೋ. ಅಲ್ಲಿ ನನಗೊಂದು ಭಯವಿದೆ. ಆ ವರ್ಷ ಅವನು 194 ಇನ್ನಿಂಗ್ಸ್‌ಗೂ ತುಸು ಹೆಚ್ಚು ಎಸೆದು ಬರೀ 46 ಮಂದಿಯನ್ನು ಸ್ಟ್ರೈಕ್‌ಔಟ್ (ಎಸೆತದಿಂದಲೇ ಔಟ್) ಮಾಡಿದ. ಎಂದರೆ ಚೆಂಡೆಲ್ಲ ಫೀಲ್ಡರ್‌ಗಳ ಕಡೆಗೇ ಹೋಗುತ್ತದೆ. ನನ್ನ ಮೂರನೇ ಬೇಸಿನಲ್ಲಿ ನಿಲ್ಲುವವನು ಎರಿಕ್ ಮನ್ಸನ್, ಮೂಲತಃ ಕ್ಯಾಚರ್ (ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವವನು) ಆಗಿ ಬಂದವನು. ಬ್ಯಾಟಿನಲ್ಲಿ 18 ಹೋಮ್ ರನ್ (ಅಂಗಳದಾಚೆ ಹೋದ ಏಟು) ಇವೆ, ಕೈಯಲ್ಲಿ ಚೆಂಡು ನಿಲ್ಲುವುದಿಲ್ಲ. ಅವನನ್ನು ನಂಬಿ ಕಾರ್ನೇಹೋನನ್ನು ಇಳಿಸಲೇ?

ಇಲ್ಲಿ ಪುನರ್ವಸು ಮಳೆ ಹಿಡಿದಿದೆ. ನಾಲ್ಕು ದಿನದಿಂದ ಬಿಸಿಲಿಲ್ಲ. ಮರೋತ್‌ನ ಕಾರ್ಡಿನ ಮೂಲೆ ತೇವಕ್ಕೆ ಉಬ್ಬಿ ಎರಡು ಪದರವಾಗಿದೆ. ಅಕ್ಕಿ ತುಂಬಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಶನಿವಾರದೊಳಗೆ ಹೇಳಿದರೆ ಉಪಕಾರ.

ಮಲ್ಲಿಗೆ ಹಂಬು, ಅರಸೀಕೆರೆ:

ಇಬ್ಬರೂ ಬೇಡ, ಜೆರೆಮಿ ಬಾಂಡರ್‌ಮನ್‌ನನ್ನು ಇಳಿಸಿ. ಆ ವರ್ಷ ಅವನಿಗೆ ಇಪ್ಪತ್ತು ವಯಸ್ಸು. 6 ಗೆದ್ದು 19 ಸೋತರೂ ಮೂವರಲ್ಲಿ ಎಸೆತದ ವೇಗ ಇರುವುದು ಅವನಿಗೇ. ನನ್ನ ಮಗನಿಗೂ ಈಗ ಅದೇ ವಯಸ್ಸು. ಆ ಪ್ರಾಯದಲ್ಲಿ ಹತ್ತೊಂಬತ್ತು ಸೋಲು ಹೊತ್ತುಕೊಂಡ ಹುಡುಗನನ್ನು ಎರಡನೇ ಪಂದ್ಯದವರೆಗೆ ಕಾಯಿಸಬೇಡಿ.

ಘಾಟಿ ಇಳಿಯುವವನು, ಸಕಲೇಶಪುರ:

ಕೈಮರದವರೇ, ನಿಮ್ಮ ಭಯ ನಿಜವಾದ ಬೇಸ್‌ಬಾಲಿಗೆ ಸರಿ, ಈ ಆಟಕ್ಕೆ ಸರಿಯಲ್ಲ. ನಾನು ಬಹಳ ವರ್ಷ ಇದೇ ತಪ್ಪು ಮಾಡಿದವನು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಒಂದು ಕಾರ್ಡಿನಲ್ಲಿ ಮೂರು ಕಂಬ, ಕಂಬಕ್ಕೆ 36 ಸಾಧ್ಯತೆ, ಒಟ್ಟು 108. ಪಿಚರ್‌ನ ಕಾರ್ಡಿನಲ್ಲಿ ಕೆಲವು ಸಾಲುಗಳು ಫೀಲ್ಡರ್‌ನ ಕೈಗೆ ತೀರ್ಪು ಬಿಡುತ್ತವೆ. ಆ ಸಾಲುಗಳ ಪಾಲು ಎಲ್ಲ ಪಿಚರ್‌ಗಳಿಗೂ ಒಂದೇ! ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ 108ರಲ್ಲಿ 7, ಎರಡನೇ ಬೇಸಿಗೆ 6, ಮೂರನೇ ಬೇಸಿಗೆ 3. ಕಾರ್ನೇಹೋ 46 ಸ್ಟ್ರೈಕ್‌ಔಟ್ ಮಾಡಿದವನಾಗಲಿ, 300 ಮಾಡಿದ ಇನ್ನೊಬ್ಬನಾಗಲಿ, ಮನ್ಸನ್‌ನ ಕಡೆ ಹೋಗುವ ಪರೀಕ್ಷೆಯ ಚೆಂಡು ಅಷ್ಟೇ. ಪಿಚರ್‌ನ ಕಾರ್ಡು ಬರುವುದೇ ಅರ್ಧ ಸಲ. ಹಾಗಾಗಿ ಮೂರನೇ ಬೇಸಿನ ಪರೀಕ್ಷೆ 72 ಬ್ಯಾಟರ್‌ಗಳಿಗೆ ಒಂದು. ಅದೇ ಬ್ಯಾಟರ್‌ಗಳು ಮತ್ತೆ ಮತ್ತೆ ಬಂದರೂ ಒಂದು ಪಂದ್ಯದಲ್ಲಿ ನಿಮಗೆ ಎದುರಾಗುವುದು ಹೆಚ್ಚುಕಡಿಮೆ 40 ಸರದಿ. ಎರಡು ಪಂದ್ಯಕ್ಕೆ ಒಮ್ಮೆ ಆಗುವ ಸಂಗತಿಗೆ ನೀವು ನಿದ್ದೆ ಕೆಡಿಸಿಕೊಂಡಿದ್ದೀರಿ. ಶಾರ್ಟ್‌ಸ್ಟಾಪ್‌ನ ಪರೀಕ್ಷೆ ಸರಾಸರಿ ಪಂದ್ಯಕ್ಕೆ ಒಂದಕ್ಕಿಂತ ತುಸು ಹೆಚ್ಚೇ ಬರುತ್ತದೆ. ಯೋಚಿಸಬೇಕಾದದ್ದು ಅಲ್ಲಿ. ರಮೋನ್ ಸ್ಯಾಂಟಿಯಾಗೊನ ಬ್ಯಾಟು ಬಡವಾದರೂ ಅವನನ್ನು ಅಲ್ಲಿಂದ ಕದಲಿಸಬೇಡಿ.

ಇನ್ನು ಮರೋತ್. ನೀವು ಅವನ ಬಗ್ಗೆ ಬರೆದದ್ದು ನನ್ನನ್ನೂ ತಟ್ಟಿತು. ಆದರೆ ಪೋಲೋ ಗ್ರೌಂಡ್ಸ್‌ನಲ್ಲಿ ಅವನನ್ನು ನಿಲ್ಲಿಸಿದರೆ ಅವನಿಗೆ ಗೌರವ ಸಿಗುವುದಿಲ್ಲ, ಏಟು ಸಿಗುತ್ತದೆ. ಆ ಅಂಗಳದ ನಡುಭಾಗ ಬಯಲಿನಂತಿದೆ, 475 ಅಡಿ ದಾಟುತ್ತದೆ. ಎಡಬದಿಯ ಗಡಿಗೆರೆ, ಅಂದರೆ ಎಡಗೆರೆಯ ಕೊನೆ ಮಾತ್ರ 279 ಅಡಿ, ಅಂದರೆ 85 ಮೀಟರ್. ನಮ್ಮ ಕ್ರಿಕೆಟಿನ ದೊಡ್ಡ ಬೌಂಡರಿಗಿಂತ ನಾಲ್ಕು ಹೆಜ್ಜೆ ದೂರ ಅಷ್ಟೇ. ಬಲಗೈ ಬ್ಯಾಟರ್ ಎಳೆದು ಹೊಡೆದರೆ ಚೆಂಡು ಬೀಳುವುದೇ ಆ ಕಡೆ. ಮೆಟ್ಸ್‌ನಲ್ಲಿ ಆ ಕೆಲಸಕ್ಕೆಂದೇ ಫ್ರಾಂಕ್ ಥಾಮಸ್ ಇದ್ದಾನೆ. 1990ರ ದಶಕದ ಶಿಕಾಗೋದ ಥಾಮಸ್ ಅಲ್ಲ, ಇವನು ಹಳಬ. 1962ರಲ್ಲಿ 34 ಹೋಮ್ ರನ್ ಹೊಡೆದ. ನಿಮ್ಮ ಮರೋತ್ 2003ರಲ್ಲಿ ಬಿಟ್ಟುಕೊಟ್ಟ ಹೋಮ್ ರನ್ ಎಷ್ಟು? ಅವೂ 34. ಪಿಚರ್‌ನ ಕೈ ಒಂದು, ಬ್ಯಾಟರ್‌ನ ಕೈ ಇನ್ನೊಂದು ಆದರೆ ಅನುಕೂಲ ಬ್ಯಾಟರ್‌ಗೆ. ಎಡಗೈ ಪಿಚರ್, ಬಲಗೈ ಬ್ಯಾಟರ್, 279 ಅಡಿ. ಒಣಹುಲ್ಲಿನ ಪಕ್ಕದಲ್ಲಿ ಕೆಂಡ ಇಟ್ಟ ಹಾಗೆ.

ಕಾರ್ನೇಹೋನನ್ನು ಇಳಿಸಿದರೆ ಬಲಗೆರೆಯ 258 ಅಡಿ ಎಡಗೈ ಬ್ಯಾಟರ್‌ಗಳಿಗೆ ಅನುಕೂಲವಾಗುತ್ತದೆ, ನಿಜ. ಆದರೆ ಅವರಲ್ಲಿ ದೊಡ್ಡ ಏಟಿನವನು 16 ಹೋಮ್ ರನ್‌ನ ಮಾರ್ವ್ ಥ್ರೋನ್‌ಬೆರಿ. ರಿಚಿ ಆ್ಯಶ್‌ಬರ್ನ್‌ನ ಬ್ಯಾಟಿಂಗ್ ಸರಾಸರಿ .306 ಇದ್ದರೂ ಅವನದು ಸಿಂಗಲ್‌ಗಳ, ಅಂದರೆ ಒಂದು ಬೇಸಿನ ಏಟುಗಳ ದಾರಿ. 34ನ್ನು ತಡೆದು 16ನ್ನು ಸಹಿಸಿಕೊಳ್ಳಿ. ಮರೋತ್‌ನನ್ನು ಮೂರನೇ ಪಂದ್ಯಕ್ಕೆ ಉಳಿಸಿ, ಕೊಮೆರಿಕಾದಲ್ಲಿ ಅವನಿಗೆ ಉಸಿರಾಡಲು ಜಾಗವಿದೆ.

ಇನ್ನೊಂದು. ಎದುರಾಳಿ ಎಡಗೈ ಆಲ್ ಜಾಕ್ಸನ್‌ನನ್ನು ಇಳಿಸಿದರೆ ಮನ್ಸನ್‌ನ ಎಡಗೈ ಬ್ಯಾಟಿಗೆ ಹೇಗೂ ಬಲ ಕಡಿಮೆ. ಆ ದಿನ ಮೂರನೇ ಬೇಸಿಗೆ ಶೇನ್ ಹಾಲ್ಟರ್‌ನನ್ನು ತನ್ನಿ. 2000ದ ಅಕ್ಟೋಬರ್ 1ರಂದು ಒಂದೇ ಪಂದ್ಯದಲ್ಲಿ ಒಂಬತ್ತೂ ಜಾಗಗಳಲ್ಲಿ ಆಡಿದವನು ಅವನು. ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಾನೆ.

ಹೇಮಾವತಿ ದಂಡೆ, ಹಾಸನ:

ಎದುರಾಳಿ ನಾನೇ. ನನ್ನ ಬೆನ್ನ ಹಿಂದೆ ಇಷ್ಟೆಲ್ಲ ಲೆಕ್ಕ ನಡೆಯುತ್ತಿರುವುದು ಕಂಡು ಸಂತೋಷವಾಯಿತು. ನಾನೂ ಅಷ್ಟೇ ಕೂತು ಲೆಕ್ಕ ಹಾಕಿದ್ದೇನೆ.

ಮೆಟ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. 40 ಗೆಲುವು, 120 ಸೋಲು ಎಂದು ಎಲ್ಲರೂ ಅಂಕೆ ಒಪ್ಪಿಸುತ್ತಾರೆ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ 121 ಸೋತ ಮೇಲೆ ಆಧುನಿಕ ಬೇಸ್‌ಬಾಲಿನ ಅತಿ ಹೆಚ್ಚು ಸೋಲು ಎಂಬ ಆ ಭಾರವೂ ಇಳಿಯಿತು. ಆದರೆ ಆಲ್ ಜಾಕ್ಸನ್‌ನನ್ನು ಯಾರೂ ನೆನೆಯುವುದಿಲ್ಲ. 8 ಗೆದ್ದು 20 ಸೋತವನು ಎಂದು ಮುಗಿಸುತ್ತಾರೆ. ಆ ಆಗಸ್ಟಿನಲ್ಲಿ ಫಿಲಡೆಲ್ಫಿಯಾ ಎದುರು ಅವನು ಒಬ್ಬನೇ ಹದಿನೈದು ಇನ್ನಿಂಗ್ಸ್ ಎಸೆದು 3–1ರಿಂದ ಸೋತ. ಹದಿನೈದು! ಮರೋತ್‌ನ ನೋವು ನಿಮಗೆ ಅರ್ಥವಾಗುವುದಾದರೆ ಜಾಕ್ಸನ್‌ನದೂ ಆಗಬೇಕು. ಜೇ ಹುಕ್ ಎಂಬ ಇನ್ನೊಬ್ಬ ಪಿಚರ್ ಎಂಜಿನಿಯರಿಂಗ್ ಓದಿದವನು. ಒಂಬತ್ತು ಪಂದ್ಯ ಸತತವಾಗಿ ಸೋತ ತಂಡಕ್ಕೆ 1962ರ ಏಪ್ರಿಲ್ 23ರಂದು ಮೊದಲ ಗೆಲುವು ತಂದುಕೊಟ್ಟವನು ಅವನೇ. ನಿಮ್ಮ ಟೈಗರ್ಸ್ ಕೂಡ 2003ರಲ್ಲಿ ಮೊದಲ ಒಂಬತ್ತನ್ನೂ ಸೋತಿದ್ದರು ಎಂಬುದು ನೆನಪಿದೆಯಲ್ಲವೇ? ನಮ್ಮಿಬ್ಬರ ತಂಡಗಳು ಒಂದೇ ಗುಂಡಿಯಿಂದ ಹತ್ತಿ ಬಂದವು.

ಯಾರನ್ನು ಇಳಿಸುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ಇಬ್ಬರೂ ಚೀಟಿಯಲ್ಲಿ ಪಿಚರ್‌ನ ಹೆಸರು ಬರೆದು ಕಾಫಿ ಲೋಟದ ಕೆಳಗೆ ಇಡೋಣ. ಒಟ್ಟಿಗೆ ತೆಗೆದ ಮೇಲೆ ಬ್ಯಾಟಿಂಗ್ ಸರದಿ ಬರೆಯೋಣ. ಮಧ್ಯಾಹ್ನದ ಊಟ ನಮ್ಮಲ್ಲೇ. ಕಳಲೆ ಪಲ್ಯ ಮಾಡುತ್ತೇವೆ.

ಕೈಮರದವನು, ಚಿಕ್ಕಮಗಳೂರು:

ಸಕಲೇಶಪುರದವರ ಉತ್ತರ ಓದಿ ಕಾರ್ಡುಗಳನ್ನು ಹರಡಿಕೊಂಡು ಕೂತೆ. ಮರೋತ್, ಕಾರ್ನೇಹೋ, ಬಾಂಡರ್‌ಮನ್ ಮೂವರ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ಎಣಿಸಿದೆ. ಮೂರನೇ ಬೇಸಿನ ಸಾಧ್ಯತೆ ಮೂವರಲ್ಲೂ ಮೂರೇ. ಇಷ್ಟು ದಿನ ಈ ಕಾರ್ಡುಗಳನ್ನು ಹಿಡಿದಿದ್ದೇನೆ, ಒಮ್ಮೆಯೂ ಎಣಿಸಿರಲಿಲ್ಲ.

ಫ್ರಾಂಕ್ ಥಾಮಸ್‌ನ ವಿಚಾರಕ್ಕೂ ಎದುರಾಡಲು ನನ್ನ ಬಳಿ ಏನೂ ಇಲ್ಲ. ಹಿಂದಿನ ಸರಣಿಯಲ್ಲಿ ಆರನೇ ಇನ್ನಿಂಗ್ಸ್‌ನಲ್ಲಿ ಮರೋತ್‌ನ ಎಸೆತಕ್ಕೆ ಅವನು ಎಡಗೆರೆಯ ಮೇಲೆ ಹೊಡೆದದ್ದು ಈಗ ನೆನಪಾಗುತ್ತಿದೆ. ಆ ಸಂಜೆ ಕರೆಂಟು ಹೋಗಿ ಟಾರ್ಚ್ ಹಿಡಿದು ದಾಳ ನೋಡಿದ್ದೆವು. ಬೆಳಕು ಮೊದಲು ಬಿದ್ದದ್ದು ಬಿಳಿ ದಾಳದ ಮೇಲೆ. ಐದು. ನನ್ನವನ ಕಾರ್ಡು. ಆಮೇಲೆ ಅಂಗಳದ ಅಂಕೆ ನೋಡಲು ಇಪ್ಪತ್ತು ಮುಖದ ದಾಳ ಎಸೆದೆವು, ಅದೂ ಅವರ ಕಡೆಗೇ ಬಿತ್ತು. ಅದನ್ನು ನಾನು ಕೆಟ್ಟ ದಾಳ ಎಂದುಕೊಂಡಿದ್ದೆ. ಆ ಅಂಗಳಕ್ಕೆ ಪಿಚರ್‌ನನ್ನು ಆರಿಸಿಕೊಂಡ ಬಗೆಯೇ ಕೆಟ್ಟದಾಗಿತ್ತು.

ಅರಸೀಕೆರೆಯವರ ಮಾತು ಎರಡು ದಿನ ಕಾಡಿತು. ಬಾಂಡರ್‌ಮನ್‌ನನ್ನು ಎರಡನೇ ಪಂದ್ಯಕ್ಕೇ ಇಟ್ಟುಕೊಂಡಿದ್ದೇನೆ, ಕ್ಷಮಿಸಿ. ಮೊದಲ ಪಂದ್ಯ ಸೋತರೆ ಸರಣಿ ಉಳಿಸುವ ಹೊಣೆ ಅವನದಾಗುತ್ತದೆ. ಅದು ಕಾಯಿಸಿದಂತಲ್ಲ ಎಂದು ನೀವೂ ಒಪ್ಪುತ್ತೀರಿ.

ಹೇಮಾವತಿ ದಂಡೆಯವರೇ, ಜಾಕ್ಸನ್‌ನ ಹದಿನೈದು ಇನ್ನಿಂಗ್ಸ್ ನನಗೆ ಗೊತ್ತಿರಲಿಲ್ಲ. ಅದಕ್ಕೆ ನಾನೂ ಒಂದು ಕೊಡುತ್ತೇನೆ. 2003ರ ಸೆಪ್ಟೆಂಬರ್ 27. ನನ್ನ ಟೈಗರ್ಸ್ ಆಗಲೇ 119 ಸೋತಿದ್ದರು. ಇನ್ನೊಂದು ಸೋತಿದ್ದರೆ ನಿಮ್ಮ ಮೆಟ್ಸ್‌ನ ಪಕ್ಕದಲ್ಲಿ ಬಂದು ಕೂರಬೇಕಿತ್ತು. ಮಿನೆಸೋಟ ಎದುರು 8–0ಯಿಂದ ಹಿಂದೆ ಬಿದ್ದಿದ್ದರು. ಆ ಪಂದ್ಯವನ್ನು 9–8ರಿಂದ ಗೆದ್ದರು! ಮರುದಿನವೂ ಗೆದ್ದು 119ಕ್ಕೇ ನಿಲ್ಲಿಸಿದರು. ಕೊನೆಯ ಆರರಲ್ಲಿ ಐದು ಗೆಲುವು. ಕಳೆದುಕೊಳ್ಳಲು ಏನೂ ಉಳಿದಿಲ್ಲದ ತಂಡ ಆ ಎಂಟು ರನ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ತಂದಿತು. ಹೋದ ವಾರ 1927ರ ಯಾಂಕೀಸ್ ಎದುರು ಏಳು ರನ್ ಹಿಂದಿದ್ದಾಗ ಇದನ್ನೇ ನೆನೆದು ದಾಳ ಎಸೆದೆ. ಸೋತೆ. ಆದರೂ ಕೊನೆಯ ಇನ್ನಿಂಗ್ಸ್‌ನಲ್ಲಿ ನನ್ನ ಬ್ಯಾಟರ್ ಡಿಮಿಟ್ರಿ ಯಂಗ್ ಮೂರು ರನ್ ತಂದ.

ಹಾಗಾದರೆ ಹೀಗೆ: ಕಾರ್ನೇಹೋ, ಬಾಂಡರ್‌ಮನ್, ಕೊಮೆರಿಕಾದಲ್ಲಿ ಮರೋತ್. ಗುಟ್ಟು ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ, ನೀವು ಬೇಕಾದರೆ ಇಟ್ಟುಕೊಳ್ಳಿ. ಲೋಟದ ಕೆಳಗಿನ ನನ್ನ ಚೀಟಿಯಲ್ಲೂ ಇದೇ ಹೆಸರು ಇರುತ್ತದೆ. ಜಾಕ್ಸನ್ ಬಂದರೆ ಹಾಲ್ಟರ್, ಬೇರೆ ಯಾರು ಬಂದರೂ ಮನ್ಸನ್.

ಬೇಲೂರು ದಾರಿಯ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ದಾಳ ಎಸೆಯಲು ಅಡಿಕೆ ಹಾಳೆಯ ತಟ್ಟೆ ನಾನೇ ತರುತ್ತೇನೆ. ಸ್ಟೀಲ್ ತಟ್ಟೆಯಲ್ಲಿ ದಾಳ ಪುಟಿದು ಹೋದ ಸಲ ಮಂಚದ ಅಡಿ ಸೇರಿತ್ತು. ಮರೋತ್ ಇನ್ನೂ ಅಕ್ಕಿ ಡಬ್ಬಿಯಲ್ಲೇ ಇದ್ದಾನೆ. ಮೂಲೆ ಸ್ವಲ್ಪ ಕೂತಿದೆ.