ರಜೆಯಲ್ಲಿರುವ ಸಭಾಪಾಲಕ ಭಾನುವಾರ ಎಲ್ಲಿ ಕುಳಿತುಕೊಳ್ಳಬೇಕು?

ಪ್ರಶ್ನೆ: ಅಮ್ಮತ್ತಿಯ ಅಳಿಯ

ಈಸ್ಟರ್ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರ ಒಪ್ಪಿಗೆ ಪಡೆದು, ಸಭಾಪಾಲಕನಾದ (ಪಾಸ್ಟರ್ ಆದ) ನಾನು ಹೆಂಡತಿ ಮಕ್ಕಳೊಂದಿಗೆ ಕೊಡಗಿನ ಅಮ್ಮತ್ತಿ ಸಮೀಪದ ಮಾವನವರ ಮನೆಗೆ ರಜೆಗೆ ಬಂದಿದ್ದೇನೆ. ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದು ನಿವೃತ್ತರಾದ ಮಾವನವರು ಪ್ರತಿ ರಾತ್ರಿ ಊಟಕ್ಕೆ ಮೊದಲು ಮೊಮ್ಮಕ್ಕಳಿಂದ ಸತ್ಯವೇದದ (ಬೈಬಲಿನ) ಒಂದು ಭಾಗವನ್ನು ಓದಿಸಿ, ಮನೆಯವರನ್ನೂ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕಾಯಿಲೆ ಬಿದ್ದವರನ್ನೂ ಹೆಸರು ಹಿಡಿದು ನೆನೆದು ಪ್ರಾರ್ಥಿಸುತ್ತಾರೆ. ನಾನು ಆಮೆನ್ ಹೇಳುವವನಷ್ಟೇ. ದೇವರ ವಿಷಯವಾಗಿ ನನ್ನ ಮಗಳು ತಾತನಲ್ಲಿ ಕೇಳುವ ಪ್ರಶ್ನೆಗಳನ್ನು ನನ್ನಲ್ಲಿ ಎಂದೂ ಕೇಳಿದವಳಲ್ಲ. ಈಗ ಇಲ್ಲಿನ ಸಭೆಯವರು ಬರುವ ಭಾನುವಾರ ಆರಾಧನೆಯಲ್ಲಿ ಪ್ರಸಂಗ (ಉಪದೇಶ) ಮಾಡಬೇಕೆಂದು ಪ್ರೀತಿಯಿಂದ ಕೇಳಿದ್ದಾರೆ. ಬೇಡವೆಂದರೆ ದೇವರ ಕರೆಯನ್ನೇ ತಳ್ಳಿಹಾಕಿದಂತಾಗುವುದೇ?

ಉತ್ತರ: ನಿವೃತ್ತ ಉಪದೇಶಕ, ಮಡಿಕೇರಿ

ಅಯ್ಯನವರೇ, ಸತ್ಯವೇದದ ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಮಾವನವರ ಮನೆಯಲ್ಲೇ ಕುಳಿತು ಮತ್ತೊಮ್ಮೆ ಓದಿರಿ. ಇಸ್ರಾಯೇಲ್ಯರನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿ ತಂದ ಮೋಶೆ ಅರಣ್ಯದಲ್ಲಿ ಇಳಿದುಕೊಂಡಿದ್ದಾಗ, ಮಾವ ಇತ್ರೋನು ಮಗಳು ಚಿಪ್ಪೋರಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಅವನ ಬಳಿಗೆ ಕರೆತರುತ್ತಾನೆ. ಮೋಶೆ ಮಾವನಿಗೆ ನಮಸ್ಕರಿಸಿ ಮುದ್ದಿಟ್ಟನೆಂದೂ ಐಗುಪ್ತದಲ್ಲಿ ನಡೆದದ್ದನ್ನೆಲ್ಲ ವಿವರಿಸಿದನೆಂದೂ ಅಲ್ಲಿದೆ. ಹೆಂಡತಿ ಮಕ್ಕಳೊಂದಿಗೆ ಆಡಿದ ಒಂದು ಮಾತೂ ಇಲ್ಲ. ಮರುದಿನ ಆತ ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ತೀರಿಸುತ್ತ ಕುಳಿತುಬಿಟ್ಟ. ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಮುಖ್ಯಸ್ಥರನ್ನು ನೇಮಿಸುವ ದಾರಿಯನ್ನು ಹೇಳಿಕೊಟ್ಟವನು ಆ ಮಾವನೇ.

ಕರೆಯನ್ನು ತಳ್ಳಿಹಾಕುವ ಮಾತಿಗೆ ಬಂದರೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಆರಂಭಿಸಿ, ಮುಂದೆ ಕೊಡಗಿನಲ್ಲಿ ಆನಂದಪುರವೆಂಬ ಕ್ರೈಸ್ತ ಊರನ್ನು ನೆಲೆಗೊಳಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1860ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಜರ್ಮನಿಗೆ ಮರಳಿದರು. ಅದನ್ನು ಸೇವೆಗೆ ಬಗೆದ ದ್ರೋಹವೆನ್ನಲಾಗದು. ನಿಮ್ಮದಾದರೋ ಒಂದು ಭಾನುವಾರದ ಪ್ರಸಂಗ.

ಉತ್ತರ: ಸಭಾಪಾಲಕರ ಮಗಳು

ಪ್ರಸಂಗದ ಮಟ್ಟಿಗೆ ಹಿರಿಯರ ಮಾತು ಸರಿ, ಆದರೆ ರಜೆಯನ್ನು ಗೋಡೆಯಂತೆ ಎತ್ತಿಕಟ್ಟಬಾರದು. ಅರೇಬಿಕಾ ಕೊಯ್ಲೂ ಕ್ರಿಸ್‌ಮಸ್ಸೂ ಒಟ್ಟಿಗೇ ಬರುವ ಈ ಜಿಲ್ಲೆಯಲ್ಲಿ, ಕೆಲಸ ಬಿಟ್ಟು ಬರಲಾಗದವರಿಗಾಗಿ ಸಂಜೆ ಲೈನ್ ಮನೆಗಳ ಅಂಗಳದಲ್ಲೇ ಪ್ರಾರ್ಥನೆ ನಡೆಸುತ್ತಿದ್ದ ನಮ್ಮ ತಂದೆ ಡಿಸೆಂಬರ್ ಪೂರ್ತಿ ಮನೆಯಲ್ಲಿ ಸಿಗುತ್ತಿರಲಿಲ್ಲ. ನಮಗೆ ಅದರ ಬಗ್ಗೆ ಅಸಮಾಧಾನವಿರಲಿಲ್ಲ, ಏಕೆಂದರೆ ಸಾವಿನ ಮನೆಗೆ ಅವರು ಹೋಗಲೇಬೇಕೆಂಬುದು ಚಿಕ್ಕವರಾದ ನಮಗೂ ತಿಳಿದಿತ್ತು. ನಮಗೆ ಬೇಕಾಗಿದ್ದದ್ದು ಬೇರೆ: ಅವರು ನಿಲುವಂಗಿಯಿಲ್ಲದೆ ನಮ್ಮ ಬೆಂಚಿನಲ್ಲೇ ಕುಳಿತು, ಒಂದೇ ಸಂಗೀತ ಪುಸ್ತಕವನ್ನು ಹಂಚಿಕೊಂಡು, ತಪ್ಪು ಶ್ರುತಿಯಲ್ಲಾದರೂ ಹಾಡುವುದು. ಪ್ರಸಂಗ ಉದ್ದವಾದರೆ ಅವರೂ ಗಡಿಯಾರ ನೋಡುತ್ತಾರೆಂದು ನಮಗೆ ಗೊತ್ತಾದದ್ದು ಅಂಥ ಭಾನುವಾರಗಳಲ್ಲೇ!

ಉತ್ತರ: ಪೊನ್ನಂಪೇಟೆಯ ಓದುಗ

ನಾನು ನಿಮ್ಮ ಮತದವನಲ್ಲ, ಕೊಡವ. ಸುಗ್ಗಿ ಹಬ್ಬವಾದ ಪುತ್ತರಿಗೆ ನಮ್ಮ ಒಕ್ಕದವರೆಲ್ಲ, ಎಂದರೆ ಒಂದೇ ಮನೆತನದವರೆಲ್ಲ, ಪೂರ್ವಜರ ಮನೆಯಾದ ಐನ್‌ಮನೆಯಲ್ಲಿ ಸೇರುವಾಗ, ಸೇನೆಯಲ್ಲಿ ಕರ್ನಲ್ ಆದವನೂ ನೆಲ್ಲಕ್ಕಿಯ (ನಡುಮನೆಯ) ದೀಪದೆದುರು ಮನೆತನದ ಹಿರಿಯರಾದ ಪಟ್ಟೇದಾರರ ಕಾಲು ಮುಟ್ಟಿ, ವಯಸ್ಸಿಗೆ ತಕ್ಕ ಜಾಗದಲ್ಲಿ ನಿಲ್ಲುತ್ತಾನೆ. ಅದರಿಂದ ಆತನ ಹುದ್ದೆಗೆ ಕುಂದು ಬಂದದ್ದನ್ನು ನಾನು ಕಂಡಿಲ್ಲ. ಮಾವನವರ ಮನೆಯಲ್ಲಿ ನೀವು ಅಳಿಯ. ಅಲ್ಲಿ ಪ್ರಾರ್ಥನೆ ಅವರದೇ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಪ್ರಸಂಗವನ್ನು ಒಪ್ಪಿಕೊಳ್ಳುವುದಿಲ್ಲವೆಂದು ತಿಳಿಸಿದ್ದೇನೆ. ಇಲ್ಲಿನ ಹಿರಿಯರೊಬ್ಬರು ಸಿದ್ಧರಾಗುತ್ತಿದ್ದಾರೆ. ನನ್ನ ಸಭೆಯಲ್ಲಿ ಸಾವು ಸಂಭವಿಸಿದರೆ ಮಾತ್ರ ಕರೆಯಿರೆಂದು ಹೇಳಿದ್ದೇನೆ. ಅಲ್ಲಿ ಕರ್ತನ ಭೋಜನದ (ಸಭೆಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರದ) ಭಾನುವಾರವೂ ಬರಲಿದ್ದು, ಅದನ್ನು ದೀಕ್ಷೆ ಪಡೆದ ಸಭಾಪಾಲಕರೇ ನಡೆಸಬೇಕಾದ್ದರಿಂದ ಸಿದ್ದಾಪುರದ ಅಯ್ಯನವರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.