ಔಷಧಿ ಯಾರು ಕೊಡಬೇಕು: ಡಾಕ್ಟರೋ, ಮೆಡಿಕಲ್ ಶಾಪಿನವರೋ?

ಪ್ರಶ್ನೆ (ಹಾವೇರಿ ಜಿಲ್ಲೆಯ ಸದಸ್ಯರು)

ನಮಸ್ಕಾರ ರೀ ಮೇಡಂ. ನಮ್ಮವ್ವಗ ಅರವತ್ತೆರಡು ವರ್ಷ. ಬಿಪಿ, ಶುಗರ್ ಎರಡೂ ಐತಿ, ಅದಕ್ಕ ತಾಲ್ಲೂಕ್ ಆಸ್ಪತ್ರಿಯಿಂದ ಗುಳಿಗಿ ತರ್ತೀವಿ. ಮೊಳಕಾಲ ನೋವಿಗೆ ಮಾತ್ರ ಊರಾಗಿನ ಡಾಕ್ಟ್ರ ಹತ್ರ ಹೋಗ್ತಾಳ. ಅವರು ಚೀಟಿ ಬರಿಯೂದಿಲ್ಲ, ತಮ್ಮ ಡಬ್ಬ್ಯಾಗಿಂದ ಗುಳಿಗಿ ತಗದು ಬಿಳಿ ಕವರ್‌ನ್ಯಾಗ ಹಾಕಿ ಕೊಡ್ತಾರ. ಒಂದು ಹಳದಿ, ಒಂದು ಸಣ್ಣ ಬಿಳಿ, ಒಂದು ಕ್ಯಾಪ್ಸೂಲ್. ಕವರ್ ಮ್ಯಾಲೆ 1-0-1 ಅಂತ ಬರದಿದ್ದು ಬಿಟ್ರ ಬ್ಯಾರೆ ಏನೂ ಇರೂದಿಲ್ಲ. ನೋವು ಅಂತೂ ಪೂರ್ತಿ ನಿಂತೈತಿ. ಆದ್ರ ಈಗೀಗ ಅವ್ವನ ಮುಖ ಊದಿದಂಗ ಕಾಣತೈತಿ, ಶುಗರೂ ಏರೇತಿ. ಡಾಕ್ಟ್ರು ಹಿಂಗ ತಾವ ಔಷಧ ಕೊಡಬಹುದೇನ್ರಿ? ಅದು ಮೆಡಿಕಲ್ ಶಾಪ್‌ನವರ ಕೆಲಸ ಅಲ್ಲೇನ್ರಿ? ಕೇಳಿದ್ರ ಡಾಕ್ಟ್ರು ಸಿಟ್ಟಾಗ್ತಾರಂತ ಅವ್ವ ಅಂಜತಾಳ.

ಉತ್ತರ (ಫಾರ್ಮಸಿಸ್ಟ್, ದಾವಣಗೆರೆ)

ಅಣ್ಣಾ, ಕಾನೂನು ಆಮೇಲೆ ನೋಡೋಣ, ಮೊದಲು ಅಮ್ಮನ ವಿಷಯ. ಮಂಡಿನೋವು ಪೂರ್ತಿ ನಿಂತಿದೆ, ಮುಖ ಊದಿದೆ, ಶುಗರ್ ಏರಿದೆ ಅಂತ ಯಾರಾದರೂ ಒಟ್ಟಿಗೆ ಹೇಳಿದರೆ ನಮಗೆ ಮೊದಲು ಅನುಮಾನ ಬರುವುದು ಸ್ಟೀರಾಯ್ಡ್ ಮೇಲೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ತರಹದ್ದು. ಆ ಸಣ್ಣ ಬಿಳಿ ಮಾತ್ರೆ ಅದೇ ಅಂತ ನಾನು ಹೇಳುತ್ತಿಲ್ಲ, ಹೇಳಲು ಬರುವುದೂ ಇಲ್ಲ. ನಮ್ಮಲ್ಲಿ ಸಿಗುವ ಬಹಳಷ್ಟು ಮಾತ್ರೆಗಳ ಮೈಮೇಲೆ ಹೆಸರಿರುವುದಿಲ್ಲ. ಸ್ಟ್ರಿಪ್‌ನಿಂದ ಬಿಡಿಸಿದ ಮೇಲೆ ಎಷ್ಟು ಅನುಭವ ಇದ್ದವರೂ ಕಣ್ಣಳತೆಯಲ್ಲಿ ಗುರುತಿಸಲಾರರು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ಸ್ಟೀರಾಯ್ಡ್ ತಿಂದರೆ ದೇಹ ತಾನಾಗಿ ತಯಾರಿಸುವ ಸ್ಟೀರಾಯ್ಡ್ ಕಡಿಮೆಯಾಗಿರುತ್ತದೆ. ಮಾತ್ರೆ ದಿಢೀರನೆ ನಿಂತರೆ ಸುಸ್ತು, ವಾಂತಿಯಿಂದ ಶುರುವಾಗಿ ಬಿಪಿ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಉಳಿದ ಮಾತ್ರೆಗಳನ್ನು ಕವರ್ ಸಮೇತ ತೆಗೆದುಕೊಂಡು ನಾಳೆಯೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಎಷ್ಟು ದಿನದಿಂದ ತಿನ್ನುತ್ತಿದ್ದಾರೆ ಅಂತ ಹೇಳಿ. ನಿಲ್ಲಿಸಬೇಕಾದರೆ ಹಂತ ಹಂತವಾಗಿ ಹೇಗೆ ಇಳಿಸಬೇಕು ಅನ್ನುವುದನ್ನು ಅಲ್ಲಿನ ವೈದ್ಯರು ಹೇಳುತ್ತಾರೆ. ಉಳಿದೆರಡರಲ್ಲಿ ಡೈಕ್ಲೋಫಿನ್ಯಾಕ್ ತರಹದ ನೋವಿನ ಮಾತ್ರೆ ಇದ್ದರೂ ಇರಬಹುದು. ಬಿಪಿ ಮಾತ್ರೆಯ ಜೊತೆ ಅದನ್ನು ದಿನಾ ತಿಂದರೆ ಕಿಡ್ನಿಗೆ ಪೆಟ್ಟು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕೇ ಅಂತ ಅಲ್ಲೇ ಕೇಳಿ.

ಈಗ ನಿಮ್ಮ ಪ್ರಶ್ನೆ. ಡಾಕ್ಟರು ಔಷಧಿ ಕೊಡಬಹುದು. ಚೀಟಿ ನೋಡಿ ಔಷಧಿ ಕೊಡುವ ಕೆಲಸವನ್ನು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಬಿಟ್ಟಿದೆ. ಆದರೆ ವೈದ್ಯರು ತಮ್ಮ ಸ್ವಂತ ರೋಗಿಗೆ ಕೊಡುವುದಕ್ಕೆ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ಕೆ (ಯಾರಿಗೆ ವಿನಾಯಿತಿ ಅನ್ನುವ ಪಟ್ಟಿ) ಕೂಡ ಅವರಿಗೆ ಮಾರಾಟದ ಲೈಸೆನ್ಸ್ ಬೇಡ ಅನ್ನುತ್ತದೆ. ಅಂಗಡಿ ತೆರೆದು ಕೂರುವ ಹಾಗಿಲ್ಲ, ಬಂದವರಿಗೆಲ್ಲ ಕೌಂಟರಿನಲ್ಲಿ ಮಾರುವ ಹಾಗಿಲ್ಲ, ಅಷ್ಟೆ.

ಜನರಿಗೆ ಗೊತ್ತಿಲ್ಲದಿರುವುದು ಆ ವಿನಾಯಿತಿಯ ಜೊತೆಗಿರುವ ಷರತ್ತುಗಳು. ಲೈಸೆನ್ಸ್ ಇರುವವರಿಂದಲೇ ಔಷಧಿ ಕೊಂಡಿರಬೇಕು, ಬ್ಯಾಚ್ ನಂಬರ್ ಸಮೇತ ಖರೀದಿಯ ದಾಖಲೆ ಇಟ್ಟಿರಬೇಕು, ಇನ್‌ಸ್ಪೆಕ್ಟರ್ ಬಂದರೆ ತೋರಿಸಬೇಕು. ಸ್ಟೀರಾಯ್ಡ್, ಆಂಟಿಬಯಾಟಿಕ್‌ನಂಥ ಶೆಡ್ಯೂಲ್ ಎಚ್ ಔಷಧಿಯಾದರೆ, ಅಂದರೆ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯದ್ದಾದರೆ, ಇನ್ನೂ ಬಿಗಿ. ಕವರ್ ಮೇಲೆ ವೈದ್ಯರ ಹೆಸರು, ವಿಳಾಸ, ಡೋಸ್ ಇರಬೇಕು. ಔಷಧಿಯ ಹೆಸರು, ಎಷ್ಟು ಕೊಟ್ಟರು, ಯಾರಿಗೆ, ಯಾವತ್ತು ಅನ್ನುವುದು ರಿಜಿಸ್ಟರಿನಲ್ಲಿರಬೇಕು. ಆ ನಮೂದಿನ ಕ್ರಮಸಂಖ್ಯೆ ಕವರ್ ಮೇಲೂ ಇರಬೇಕು. ರಿಜಿಸ್ಟರನ್ನು ಕೊನೆಯ ನಮೂದಾದ ಮೇಲೂ ಎರಡು ವರ್ಷ ಕಾಪಾಡಬೇಕು. ನಿಮ್ಮ ಅಮ್ಮನಿಗೆ ಸಿಕ್ಕ ಕವರ್‌ನಲ್ಲಿ 1-0-1 ಬಿಟ್ಟು ಏನೂ ಇಲ್ಲ ಅಂದಿರಿ. ತಪ್ಪಾಗಿರುವುದು ಅಲ್ಲಿ.

ಈ ವಿನಾಯಿತಿ ನೋಂದಾಯಿತ ವೈದ್ಯರಿಗೆ ಮಾತ್ರ. ಬೋರ್ಡ್ ಹಾಕಿಕೊಂಡವರೆಲ್ಲ ಡಾಕ್ಟರಲ್ಲ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯಾ, ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ಅಂತಲೂ ಒಮ್ಮೆ ನೋಡಿ.

ಪ್ರತಿಕ್ರಿಯೆ (ವೈದ್ಯರು, ತೀರ್ಥಹಳ್ಳಿ ಕಡೆ)

ಮೇಡಂ, ನೀವು ಹೇಳಿದ್ದು ಸರಿ ಇದೆ, ಆದರೆ ಓದಿದವರು ಔಷಧಿ ಕೊಡುವ ಡಾಕ್ಟರೆಲ್ಲ ಕಳ್ಳರು ಅಂದುಕೊಳ್ಳುವುದು ಬೇಡ. ನಮ್ಮೂರಿಗೆ ಹತ್ತಿರದ ಮೆಡಿಕಲ್ ಶಾಪ್ 14 ಕಿಲೋಮೀಟರ್. ಸಂಜೆಯ ಬಸ್ ಹೋದರೆ ಮುಗಿಯಿತು. ಜೂನ್, ಜುಲೈ ಮಳೆಯಲ್ಲಿ ಮಗುವಿಗೆ ಜ್ವರ ಅಂತ ಬಂದ ತಾಯಿಗೆ ಚೀಟಿ ಬರೆದು ಕೈಗೆ ಕೊಟ್ಟರೆ ಆ ಮಗುವಿಗೆ ರಾತ್ರಿ ಔಷಧಿ ಸಿಗುವುದಿಲ್ಲ. ನೋಡುವುದಕ್ಕೂ ಔಷಧಿಗೂ ಸೇರಿಸಿ ನೂರೈವತ್ತು ರೂಪಾಯಿ ತಗೊಳ್ತೇನೆ. ಕೂಲಿ ಮಾಡುವವರಿಗೆ ಡಾಕ್ಟರ ಫೀಸು ಬೇರೆ, ಮೆಡಿಕಲ್ ಬಿಲ್ ಬೇರೆ, ಬಸ್ ಚಾರ್ಜ್ ಬೇರೆ ಅಂದರೆ ಬರುವುದನ್ನೇ ನಿಲ್ಲಿಸುತ್ತಾರೆ.

ಉತ್ತರ

ಡಾಕ್ಟ್ರೇ, ನಿಮ್ಮಂಥವರಿಗಾಗಿಯೇ ಕಾನೂನಿನಲ್ಲಿ ಆ ಬಾಗಿಲು ತೆರೆದಿಟ್ಟಿರುವುದು. ಅದನ್ನು ಮುಚ್ಚಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. 2002ರ ವೈದ್ಯಕೀಯ ನೀತಿಸಂಹಿತೆಯೂ ರೋಗಿಯ ಶೋಷಣೆ ಆಗದಿದ್ದರೆ ವೈದ್ಯರು ಔಷಧಿ ಕೊಡುವುದು ತಪ್ಪಲ್ಲ ಅನ್ನುತ್ತದೆ. ತಮಿಳುನಾಡಿನ ಚರ್ಮರೋಗ ವೈದ್ಯೆಯೊಬ್ಬರ ಕ್ಲಿನಿಕ್‌ನಲ್ಲಿ ಸ್ವಲ್ಪ ಮುಲಾಮು, ಲೋಷನ್ ಸಿಕ್ಕಿತು ಅಂತ ಡ್ರಗ್ಸ್ ಇನ್‌ಸ್ಪೆಕ್ಟರ್ ಕೇಸ್ ಹಾಕಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಅಷ್ಟು ಸಣ್ಣ ಪ್ರಮಾಣದಲ್ಲಿ ಇಟ್ಟುಕೊಳ್ಳುವುದು ಅಂಗಡಿ ನಡೆಸಿದ ಹಾಗಲ್ಲ ಅಂತ ಹೇಳಿತು.

ಇಂಗ್ಲೆಂಡಿನಲ್ಲೂ ಹಳ್ಳಿಗಾಡಿನ ಕೆಲವು ವೈದ್ಯರಿಗೆ ಇಂಥದ್ದೇ ಅನುಮತಿ ಇದೆ. ಹತ್ತಿರದ ಫಾರ್ಮಸಿ 1.6 ಕಿಲೋಮೀಟರ್‌ಗಿಂತ ದೂರ ಇರುವ ರೋಗಿಗಳಿಗೆ ಅವರೇ ಔಷಧಿ ಕೊಡಬಹುದು. ಈ ಅಳತೆ ನನಗೆ ಸರಿ ಅನಿಸುತ್ತದೆ. ಫಾರ್ಮಸಿ ಇಲ್ಲದ ಕಡೆ ಡಾಕ್ಟರೇ ಕೊಡಲಿ. ಇರುವ ಕಡೆ ಚೀಟಿ ಬರೆಯಲಿ. ಪಕ್ಕದಲ್ಲೇ ನಾಲ್ಕು ಮೆಡಿಕಲ್ ಶಾಪ್ ಇರುವ ಪೇಟೆಯಲ್ಲೂ ಬಿಡಿ ಮಾತ್ರೆ ಕವರ್‌ಗೆ ಹಾಕಿ ಕೊಡುವುದಕ್ಕೆ ನನ್ನ ತಕರಾರು.

ನಿಮ್ಮಲ್ಲೂ ಒಂದು ವಿನಂತಿ. ಮಾತ್ರೆಯನ್ನು ಬಿಡಿಸಬೇಡಿ, ಸ್ಟ್ರಿಪ್ ಕತ್ತರಿಸಿಯೇ ಕೊಡಿ. ಕತ್ತರಿಸುವಾಗ ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಂಡು ಎದುರು ತುದಿಯಿಂದ ಶುರು ಮಾಡಿ. ಕೌಂಟರಿಗೆ ಹೊಸದಾಗಿ ಬರುವ ಹುಡುಗರಿಗೆ ನಾವು ಕಲಿಸುವ ಮೊದಲ ಪಾಠ ಇದು. ಕತ್ತರಿಸಿದ ತುಂಡಿನಲ್ಲಿ ಹೆಸರು ಅರ್ಧ ಹೋಗಿದ್ದರೆ ಕವರ್ ಮೇಲೆ ಪೆನ್ನಿನಲ್ಲಿ ಹೆಸರು, ಎಂಜಿ, ಎಕ್ಸ್‌ಪೈರಿ ಬರೆದುಬಿಡಿ. ಅರ್ಧ ನಿಮಿಷದ ಕೆಲಸ. ನಾಳೆ ಆ ಮಗುವಿಗೆ ಮೈಯೆಲ್ಲ ಗಂಧೆ ಎದ್ದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ ಏನು ಕೊಟ್ಟಿದ್ದರು ಅನ್ನುವ ಪ್ರಶ್ನೆಗೆ ಆ ಕವರ್ ಒಂದೇ ಉತ್ತರ.

ಪ್ರಶ್ನೆ (ತುಮಕೂರಿನ ಸದಸ್ಯೆ)

ಅಕ್ಕಾ, ಮೆಡಿಕಲ್ ಶಾಪ್ ಅಂದ್ರೆ ಡಾಕ್ಟ್ರು ಬರೆದಿದ್ದನ್ನ ತೆಗೆದು ಕೊಡೋದು ತಾನೆ? ಅದಕ್ಕೆ ಡಾಕ್ಟ್ರೇ ಕೊಟ್ರೆ ಏನು ಕಡಿಮೆಯಾಗುತ್ತೆ? ಇನ್ನೊಂದು, ನಮ್ಮ ಬೀದಿ ಮೆಡಿಕಲ್ಲಲ್ಲಿ ಫಾರ್ಮಸಿಸ್ಟ್ ಯಾರು ಅಂತಾನೇ ಗೊತ್ತಿಲ್ಲ. ಪಿಯುಸಿ ಹುಡುಗ ಒಬ್ಬ ಇರ್ತಾನೆ. ಗೋಡೆ ಮೇಲೆ ಬೇರೆ ಯಾರದೋ ಫೋಟೋ ಇರೋ ಸರ್ಟಿಫಿಕೇಟು.

ಉತ್ತರ

ತಂಗೀ, ಕಡಿಮೆಯಾಗುವುದು ಎರಡನೇ ಜೋಡಿ ಕಣ್ಣು. ಒಂದು ಉದಾಹರಣೆ ಕೊಡುತ್ತೇನೆ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ಬರೆಯುತ್ತಾರೆ. ಅದನ್ನು ತಿನ್ನಬೇಕಾದ್ದು ವಾರಕ್ಕೊಂದು ದಿನ. ಜೊತೆಗೆ ಫೋಲಿಕ್ ಆಸಿಡ್ ಕೂಡ ಇರುತ್ತದೆ, ಅದೂ ಸಣ್ಣ ಹಳದಿ ಮಾತ್ರೆ. ಗಡಿಬಿಡಿಯಲ್ಲಿ ಚೀಟಿಯಲ್ಲಿ 'ವಾರಕ್ಕೆ' ಅನ್ನುವುದು ಬಿಟ್ಟುಹೋದರೆ, ಇಲ್ಲವೇ ರೋಗಿ ಎರಡನ್ನೂ ಅದಲುಬದಲು ಮಾಡಿಕೊಂಡು ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣ ಇಳಿಯುತ್ತದೆ, ಜೀವವೇ ಹೋಗಬಹುದು. ಇಂಥ ಚೀಟಿ ಕೌಂಟರಿಗೆ ಬಂದಾಗ ನಾನು ಕೈ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಆಮೇಲೆ ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ 'ಸೋಮವಾರ ಮಾತ್ರ' ಅಂತ ಕನ್ನಡದಲ್ಲಿ ಬರೆದು, ಅದನ್ನು ರೋಗಿಯ ಬಾಯಲ್ಲೇ ಓದಿಸಿ ಕೊಡುತ್ತೇನೆ. ಬರೆದವರೇ ಕೊಡುವಾಗ ಬರೆದವರ ತಪ್ಪು ಹಿಡಿಯುವವರು ಯಾರೂ ಇರುವುದಿಲ್ಲ. ಡಾಕ್ಟರು ಬುದ್ಧಿವಂತರಲ್ಲ ಅಂತ ಇದರರ್ಥವಲ್ಲ. ದಿನಕ್ಕೆ ನೂರು ರೋಗಿ ನೋಡುವ ಯಾರಿಗೇ ಆದರೂ ಕೈತಪ್ಪುತ್ತದೆ.

ದುಡ್ಡಿನ ಮಾತೂ ಇದೆ. ಮಾತ್ರೆಯಿಂದ ಲಾಭ ಬರುವುದಾದರೆ ಮಾತ್ರೆ ಬರೆಯುವ ಕೈಗೆ ಗೊತ್ತಿಲ್ಲದೆಯೇ ಒಂದು ಹೆಚ್ಚು ಬರೆಯುವ ಅಭ್ಯಾಸ ಆಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಮೊದಲು ಡಾಕ್ಟರೂ ಫಾರ್ಮಸಿಸ್ಟೂ ಇಬ್ಬರೂ ಔಷಧಿ ಬರೆದು ಕೊಡುತ್ತಿದ್ದರು. 2000ನೇ ಇಸವಿಯಲ್ಲಿ ಡಾಕ್ಟರು ಬರೆಯಬೇಕು, ಫಾರ್ಮಸಿಸ್ಟ್ ಕೊಡಬೇಕು ಅಂತ ಸರ್ಕಾರ ಎರಡನ್ನೂ ಬೇರೆ ಮಾಡಿತು. ಅಲ್ಲಿನ ವೈದ್ಯರು ದೊಡ್ಡ ಮುಷ್ಕರವನ್ನೇ ಹೂಡಿದರು. ಅದು ಎಷ್ಟು ದೊಡ್ಡ ಆದಾಯವಾಗಿತ್ತು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ನಿಮ್ಮ ಎರಡನೇ ಮಾತಿಗೆ ನನ್ನ ವೃತ್ತಿಯವರ ಪರ ವಹಿಸಿ ಮಾತಾಡಲಾರೆ. ಬಾಡಿಗೆ ಸರ್ಟಿಫಿಕೇಟಿನ ಪಿಡುಗು ನಿಜ, ಅದು ಅಪರಾಧ. ಚೀಟಿಯ ಔಷಧಿಯನ್ನು ಫಾರ್ಮಸಿಸ್ಟ್ ಖುದ್ದಾಗಿ ಕೊಡಬೇಕು, ಇಲ್ಲವೇ ಅವರ ಕಣ್ಣೆದುರು ಕೊಡಬೇಕು ಅನ್ನುವುದು ಅದೇ ಔಷಧ ನಿಯಮಗಳಲ್ಲಿ 65ನೇ ನಿಯಮ. ಫಾರ್ಮಸಿಸ್ಟ್ ಇಲ್ಲದ ಅಂಗಡಿಗಿಂತ ತೀರ್ಥಹಳ್ಳಿಯ ಆ ಡಾಕ್ಟರ ಕೈಯಿಂದ ಔಷಧಿ ತೆಗೆದುಕೊಳ್ಳುವುದೇ ಎಷ್ಟೋ ವಾಸಿ. 'ಫಾರ್ಮಸಿಸ್ಟ್ ಯಾರು?' ಅಂತ ನೇರವಾಗಿ ಕೇಳಿ. ಯಾವಾಗ ಹೋದರೂ ಇಲ್ಲ ಅಂದರೆ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆದು ದೂರು ಕೊಡಿ.

ನಾವು ಡಾಕ್ಟರಾಗುವುದೂ ಅಷ್ಟೇ ತಪ್ಪು. 'ಒಂದು ಆಂಟಿಬಯಾಟಿಕ್ ಕೊಡಿ, ಗಂಟಲು ನೋವು' ಅಂತ ದಿನಾ ಬರುತ್ತಾರೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಸೆಫಿಕ್ಸಿಮ್‌ನಂಥ ಮೇಲ್ದರ್ಜೆಯ ಆಂಟಿಬಯಾಟಿಕ್, ಟಿಬಿ ಔಷಧಿ, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್‌ಗಿಂತಲೂ ಬಿಗಿಯಾದ ಎಚ್1 ಪಟ್ಟಿಯಲ್ಲಿವೆ. ಅವುಗಳನ್ನು ಕೊಟ್ಟಾಗ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 'ಅದು ಇಲ್ಲ, ಅದೇ ಕಂಟೆಂಟಿನ ಬೇರೆ ಕಂಪನಿದು ಕೊಡ್ತೀನಿ' ಅನ್ನುವುದು ಕೂಡ ಶೆಡ್ಯೂಲ್ ಎಚ್ ಔಷಧಿಗೆ ನಿಯಮದ ಪ್ರಕಾರ ನಡೆಯುವುದಿಲ್ಲ. ಡಾಕ್ಟರು ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನೇ ಬರೆದರೆ ರೋಗಿಗೂ ಅಗ್ಗದ್ದು ಆರಿಸಿಕೊಳ್ಳಲು ಅವಕಾಶ ಇರುತ್ತದೆ, ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ.

ಪ್ರತಿಕ್ರಿಯೆ (ಸಿಂಗಾಪುರದ ಸದಸ್ಯರು)

ಇಲ್ಲಿ ಕ್ಲಿನಿಕ್ಕಿನಲ್ಲೇ ಔಷಧಿ ಕೊಡ್ತಾರೆ, ಯಾರಿಗೂ ದೂರಿಲ್ಲ. ಆದರೆ ಪ್ರತಿ ಪೊಟ್ಟಣದ ಮೇಲೂ ನನ್ನ ಹೆಸರು, ಔಷಧಿ ಹೆಸರು, ಹೇಗೆ ತಗೋಬೇಕು ಎಲ್ಲ ಪ್ರಿಂಟ್ ಆಗಿರುತ್ತೆ. ಊರಿಗೆ ಬಂದಾಗ ಅಪ್ಪನನ್ನು ಅಡ್ಮಿಟ್ ಮಾಡಿದ್ದ ಆಸ್ಪತ್ರೆಯವರು ಮಾತ್ರ ನಮ್ಮ ಫಾರ್ಮಸಿಯಲ್ಲೇ ತಗೋಬೇಕು ಅಂದ್ರು. ಅದು ಸರಿಯೇ?

ಉತ್ತರ

ಸರ್, ನಾನು ಇಷ್ಟು ಹೊತ್ತು ಬಡಿದಾಡುತ್ತಿರುವುದು ನಿಮ್ಮ ಆ ಪ್ರಿಂಟ್ ಆದ ಲೇಬಲ್‌ಗೇ. ಅದು ಇದ್ದರೆ ಕೊಟ್ಟವರು ಯಾರೇ ಆದರೂ ಇನ್ನೊಬ್ಬರು ಪರೀಕ್ಷಿಸಬಹುದು.

ಆಸ್ಪತ್ರೆಯ ಒಳಗಿನ ಫಾರ್ಮಸಿ ವಿಷಯ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಕೋರ್ಟ್ ತಾನೇ ಆದೇಶ ಮಾಡದೆ, ರಾಜ್ಯ ಸರ್ಕಾರಗಳು ಯೋಚಿಸಿ ನೀತಿ ಮಾಡಲಿ ಅಂತ ಬಿಟ್ಟಿತು. ಐಸಿಯುನಲ್ಲಿ ತಕ್ಷಣ ಬೇಕಾದ ಇಂಜೆಕ್ಷನ್‌ಗೆ ಹೊರಗೆ ಅಲೆಯಿರಿ ಅಂತ ನಾನು ಹೇಳುವುದಿಲ್ಲ. ಡಿಸ್ಚಾರ್ಜ್ ಆದಮೇಲೆ ತಿಂಗಳುಗಟ್ಟಲೆ ತಿನ್ನುವ ಮಾತ್ರೆಗೆ ಮಾತ್ರ ಚೀಟಿ ಕೇಳಿ ಪಡೆದು ನಿಮಗೆ ಅನುಕೂಲವಾದ ಕಡೆ ತೆಗೆದುಕೊಳ್ಳಿ.

ಪ್ರಶ್ನೆ (ಹಾವೇರಿಯ ಸದಸ್ಯರು, ಮತ್ತೆ)

ಮೇಡಂ, ನಾಳೆ ತಾಲ್ಲೂಕ್ ಆಸ್ಪತ್ರಿಗೆ ಕರ್ಕೊಂಡ್ ಹೋಗ್ತೀನ್ರಿ. ಊರ ಡಾಕ್ಟ್ರ ಮುಂದ ಜಗಳ ಆಗದಂಗ ಹೆಂಗ ಕೇಳಬೇಕ್ರಿ? ಅವರೂ ಎಷ್ಟೋ ವರ್ಷದಿಂದ ನಮ್ಮ ಮಂದಿಗೆ ರಾತ್ರಿ-ಹಗಲು ನೋಡ್ಯಾರ.

ಉತ್ತರ

ಅಣ್ಣಾ, ಜಗಳದ ಮಾತೇ ಬೇಡ, ಅವರ ಉಪಕಾರ ಮರೆಯುವುದೂ ಬೇಡ. 'ಅವ್ವಗ ಶುಗರ್ ಏರೇತ್ರಿ, ತಾಲ್ಲೂಕ್ ಡಾಕ್ಟ್ರು ಎಲ್ಲಾ ಗುಳಿಗಿ ಹೆಸರು ಕೇಳ್ಯಾರ, ಒಂದು ಚೀಟಿಮ್ಯಾಲೆ ಬರದುಕೊಡ್ರಿ' ಅನ್ನಿ, ಸಾಕು. ಸರಿಯಾದ ವೈದ್ಯರು ಅಲ್ಲೇ ಬರೆದು ಕೊಡುತ್ತಾರೆ. ಬರೆಯಲು ಒಪ್ಪದಿದ್ದರೆ ಅವರಲ್ಲಿ ಅಮ್ಮನಿಗೆ ಇನ್ನು ಹೊಸದಾಗಿ ಔಷಧಿ ತರಬೇಡಿ. ಈಗ ಇರುವುದನ್ನು ಮುಂದುವರಿಸಬೇಕೋ ಇಳಿಸಬೇಕೋ ಅನ್ನುವುದನ್ನು ತಾಲ್ಲೂಕು ಆಸ್ಪತ್ರೆಯವರೇ ಹೇಳಲಿ. ಕವರ್‌ನಲ್ಲಿ ಎಷ್ಟು ದಿನದ ಮಾತ್ರೆ ಉಳಿದಿದೆ ಅಂತ ಇವತ್ತು ರಾತ್ರಿಯೇ ಎಣಿಸಿ ನೋಡಿ. ನಾಳೆಗೇ ಮುಗಿಯುವ ಹಾಗಿದ್ದರೆ ಹೊರರೋಗಿ ಚೀಟಿ ಮಾಡಿಸುವಾಗಲೇ ಅದನ್ನು ಹೇಳಿ. ವಾಂತಿ, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.